ಹಿಟ್ಟಿನ ಕೋಳಿಯ ಕೊಲೆ: 'ಯಶೋಧರ ಚರಿತೆ'ಯ ಸಾವುಗಳಿಗೆ ಹೊಣೆ ಯಾರು?

ಜನ್ನನ 'ಯಶೋಧರ ಚರಿತೆ'ಯನ್ನು ಓದಿದವರೆಲ್ಲರೂ ಒಂದಲ್ಲ ಒಂದು ಹಂತದಲ್ಲಿ ಕೇಳಿಕೊಳ್ಳುವ ಪ್ರಶ್ನೆ ಇದು: ಈ ಕಾವ್ಯದಲ್ಲಿ ಸಂಭವಿಸುವ ಸಾವುಗಳಿಗೆ ಯಾರು ಹೊಣೆ? ಉತ್ತರ ಸುಲಭವೆಂದು ಮೊದಲಿಗೆ ತೋರುತ್ತದೆ. ಉಜ್ಜಯಿನಿಯ ಅರಸ ಯಶೋಧರನಿಗೂ ಅವನ ತಾಯಿ ಚಂದ್ರಮತಿಗೂ ವಿಷವಿಕ್ಕಿದವಳು ರಾಣಿ ಅಮೃತಮತಿ. ಆದ್ದರಿಂದ ಹೊಣೆಯೂ ಅವಳದೇ. ಆದರೆ ಕಾವ್ಯ ಅಲ್ಲಿಗೆ ಮುಗಿಯುವುದಿಲ್ಲ. ವಿಷದಿಂದ ಸತ್ತವರು ನವಿಲಾಗಿ, ನಾಯಾಗಿ, ಮುಳ್ಳುಹಂದಿಯಾಗಿ, ಹಾವಾಗಿ, ಮೀನಾಗಿ, ಮೊಸಳೆಯಾಗಿ, ಆಡಾಗಿ, ಕೋಳಿಯಾಗಿ ಹುಟ್ಟುತ್ತಾರೆ. ಪ್ರತಿಯೊಂದು ಜನ್ಮದಲ್ಲಿಯೂ ಹಿಂಸೆಯಿಂದಲೇ ಸಾಯುತ್ತಾರೆ. ಈ ಸಾವುಗಳಲ್ಲಿ ಯಾವುದನ್ನೂ ಅಮೃತಮತಿಯ ವಿಷ ವಿವರಿಸುವುದಿಲ್ಲ. ಕವಿ ಅದಕ್ಕೆ ಕೊಡುವ ಕಾರಣ ಬೇರೆ: ಅವರು ಚಂಡಿಕೆಗೆ ಬಲಿಕೊಟ್ಟ ಒಂದು ಹಿಟ್ಟಿನ ಕೋಳಿ. ಕೊಲೆಗಾತಿಯ ಅಪರಾಧವನ್ನು ಒಂದೆರಡು ಪದ್ಯಗಳಲ್ಲಿ ಹೇಳಿ ಮುಗಿಸುವ ಕಾವ್ಯ, ಕೊಲೆಯಾದವನ ಅಪರಾಧವನ್ನು ಜನ್ಮಜನ್ಮಾಂತರಗಳವರೆಗೆ ಹಿಂಬಾಲಿಸುತ್ತದೆ. ಇದು ನ್ಯಾಯವೇ? ಈ ಕಾವ್ಯದ ದುರಂತವನ್ನು ಕುರಿತ ಚರ್ಚೆ ಆರಂಭವಾಗಬೇಕಾದದ್ದು ಇಲ್ಲಿಂದ.

'ಯಶೋಧರ ಚರಿತೆ' ರಚಿತವಾದದ್ದು ಕ್ರಿ.ಶ. 1209ರಲ್ಲಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನಿಂದ 'ಕವಿಚಕ್ರವರ್ತಿ' ಬಿರುದನ್ನು ಪಡೆದ ಜನ್ನ ಸೇರಿದ್ದು ವಿದ್ವತ್ತಿನ ಮನೆತನಕ್ಕೆ. ಅವನ ತಂದೆ ಸುಮನೋಬಾಣ. ಭಾವ, 'ಸೂಕ್ತಿಸುಧಾರ್ಣವ'ದ ಸಂಕಲನಕಾರ ಮಲ್ಲಿಕಾರ್ಜುನ. ಸೋದರಳಿಯ, 'ಶಬ್ದಮಣಿದರ್ಪಣ'ದ ಕೇಶಿರಾಜ. ಈ ಕವಿ ಬಾಳಿದ್ದು ಇಂದು ಹಳೇಬೀಡು ಎನಿಸಿಕೊಂಡಿರುವ ದೋರಸಮುದ್ರದ ಆಸ್ಥಾನದಲ್ಲಿ. ಹೊಯ್ಸಳೇಶ್ವರ ದೇಗುಲದ ದಕ್ಷಿಣಕ್ಕಿರುವ ಬಸದಿಗಳಲ್ಲಿ ಪಾರ್ಶ್ವನಾಥ ಬಸದಿಯು 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ತನ್ನ ತಂದೆಯ ನೆನಪಿಗಾಗಿ ಕಟ್ಟಿಸಿದ್ದು. ಅದರ ಪ್ರತಿಷ್ಠೆಯ ಪ್ರಸಾದ ವಿಷ್ಣುವರ್ಧನನ ಕೈಸೇರಿದ್ದು ಯುದ್ಧದಲ್ಲಿ ಗೆಲುವೂ ಅರಮನೆಯಲ್ಲಿ ಪುತ್ರಜನನವೂ ಒದಗಿದ ಹೊತ್ತಿನಲ್ಲಿ; ಆದ್ದರಿಂದ ದೇವರಿಗೆ 'ವಿಜಯ ಪಾರ್ಶ್ವ' ಎಂದೂ ಮಗನಿಗೆ 'ವಿಜಯ ನರಸಿಂಹ' ಎಂದೂ ಹೆಸರಾಯಿತೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರ ಬಸದಿಗೆ ಯುದ್ಧದ ಗೆಲುವಿನ ಹೆಸರು!

ಇದು ಒಂಟಿ ಉದಾಹರಣೆಯಲ್ಲ. ಶ್ರವಣಬೆಳಗೊಳದಲ್ಲಿ ಭಂಡಾರ ಬಸದಿಯನ್ನು ಕಟ್ಟಿಸಿದ ಹುಳ್ಳ, 1220ರಲ್ಲಿ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಎತ್ತಿಸಿದ ರೇಚರಸ, ಇವರೆಲ್ಲರೂ ರಾಜ್ಯಾಧಿಕಾರದ ಭಾರವನ್ನು ಹೊತ್ತವರು. ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಹುಲಿಯನ್ನು ಇರಿಯುತ್ತ ನಿಂತಿರುವ ಸಳನ ಶಿಲ್ಪವೂ ಇದೇ ಸಂಗತಿಯನ್ನು ನೆನಪಿಸುತ್ತದೆ. ಸೊಸೆವೂರಿನಲ್ಲಿ ಜೈನಮುನಿಯೊಬ್ಬನು 'ಹೊಯ್, ಸಳ' ಎಂದು ಆಜ್ಞಾಪಿಸಿದನೆಂಬುದು ಹೊಯ್ಸಳ ವಂಶದ ಮೂಲಕಥೆ. ಪ್ರಸಿದ್ಧ ಪಾಠದಲ್ಲಿ ಆ ಮುನಿಯ ಹೆಸರು ಸುದತ್ತ. 'ಯಶೋಧರ ಚರಿತೆ'ಯಲ್ಲಿ ಬಲಿಯನ್ನು ನಿಲ್ಲಿಸುವ ಆಚಾರ್ಯನ ಹೆಸರೂ ಸುದತ್ತನೇ. ಸೋಮದೇವಸೂರಿಯ 959ರ 'ಯಶಸ್ತಿಲಕ ಚಂಪು'ವಿನಲ್ಲಿಯೇ ಈ ಹೆಸರು ಬಂದಿರುವುದರಿಂದ ಇಬ್ಬರೂ ಒಬ್ಬರೆಂದು ಸಾಧಿಸಲು ಹೊರಡುವುದು ವ್ಯರ್ಥ. ಆದರೆ ದೋರಸಮುದ್ರದ ಶ್ರೋತೃವಿನ ಕಿವಿಗೆ ಈ ಹೊಂದಿಕೆ ಬೀಳದೆ ಇರಲಾರದು. ಒಬ್ಬ ಸುದತ್ತ ಹೊಡೆಯೆನ್ನುತ್ತಾನೆ; ಇನ್ನೊಬ್ಬನ ಶಿಷ್ಯರು ಎತ್ತಿದ ಖಡ್ಗವನ್ನು ಇಳಿಸುತ್ತಾರೆ. ಯಾವ ಕೊಲೆ ಯಾರ ಲೆಕ್ಕಕ್ಕೆ ಸೇರುತ್ತದೆ ಎಂಬುದು ಆ ಸಭೆಗೆ ಕೇವಲ ಶಾಸ್ತ್ರಚರ್ಚೆಯಾಗಿರಲಿಲ್ಲ.

ಕಥೆಯ ಸರಪಣಿಯನ್ನು ಸಂಕ್ಷೇಪವಾಗಿ ನೆನೆಯಬಹುದು. ನಡುರಾತ್ರಿ ಆನೆಯ ಲಾಯದ ಕಡೆಯಿಂದ ತೇಲಿಬಂದ ಹಾಡಿಗೆ ಅಮೃತಮತಿ ಮನಸೋಲುತ್ತಾಳೆ. ಹಾಡಿದವನು ಮಾವತಿಗ ಅಷ್ಟವಂಕ. ಹೆಸರಿಗೆ ತಕ್ಕಂತೆ ವಿಕಾರ ರೂಪಿನವನು. ಅವಳು ತಡವಾಗಿ ಬಂದಳೆಂದು ಅವನು ಹೊಡೆಯುತ್ತಾನೆ, ಅವಳು ಸಹಿಸುತ್ತಾಳೆ. ಹಿಂಬಾಲಿಸಿ ಬಂದ ಯಶೋಧರ ಇದನ್ನು ಕಂಡು ಖಡ್ಗಕ್ಕೆ ಕೈಹಾಕಿ, ತನ್ನನ್ನು ತಾನೇ ತಡೆದುಕೊಂಡು ಮರಳುತ್ತಾನೆ. ಮರುದಿನ ಅವನು ಸರಸದಲ್ಲೆಂಬಂತೆ ನೆಯ್ದಿಲೆ ಹೂವಿನಿಂದ ತಟ್ಟಿದಾಗ ಅವಳು ಮೂರ್ಛೆಹೋಗುತ್ತಾಳೆ. ಅವನ ಮುಖದ ದುಗುಡವನ್ನು ಕಂಡು ತಾಯಿ ಕಾರಣ ಕೇಳುತ್ತಾಳೆ. ಅವನು ಕಂಡದ್ದನ್ನು ಹೇಳದೆ, ಕೆಟ್ಟ ಕನಸು ಬಿತ್ತೆನ್ನುತ್ತಾನೆ. ಕನಸಿನ ದೋಷಕ್ಕೆ ಚಂಡಿಕೆಗೆ ಪ್ರಾಣಿಬಲಿಯಾಗಬೇಕೆಂದು ತಾಯಿ ಹೇಳುತ್ತಾಳೆ. ಜೀವವಧೆ ಬೇಡವೆಂದು ಮಗ ವಾದಿಸುತ್ತಾನೆ. ಕೊನೆಗೆ ಇಬ್ಬರೂ ಹಿಟ್ಟಿನ ಕೋಳಿಗೆ ಒಪ್ಪಿಕೊಳ್ಳುತ್ತಾರೆ. ಖಡ್ಗ ಬಿದ್ದೊಡನೆ ಆ ಕೋಳಿ ಕೂಗುತ್ತದೆ. ಬೆದರಿದ ಯಶೋಧರ ಮಗ ಯಶೋಮತಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ಹೊರಡಲು ನಿಶ್ಚಯಿಸುತ್ತಾನೆ. ಅಷ್ಟರಲ್ಲಿ ಅಮೃತಮತಿ ವಿಷವಿಕ್ಕುತ್ತಾಳೆ.

ಈ ಸರಪಣಿಯಲ್ಲಿ ಅಮೃತಮತಿಯ ಪಾಲು ಸ್ಪಷ್ಟ. ಕೊಲೆ ಅವಳ ಕೈಯಿಂದಲೇ, ತಿಳಿದೂ ತಿಳಿದೇ ನಡೆದದ್ದು. ಅದರ ಫಲವನ್ನೂ ಕವಿ ಅವಳಿಗೆ ವಿಧಿಸುತ್ತಾನೆ. ರೋಗದಿಂದ ನರಳಿ ಸತ್ತು ಅವಳು ನರಕಕ್ಕಿಳಿಯುತ್ತಾಳೆ. ಆದರೆ ವಿಷ ಕೊಲ್ಲಬಲ್ಲುದೇ ಹೊರತು ಸತ್ತವನ ಗತಿಯನ್ನು ನಿರ್ಣಯಿಸಲಾರದು. ಜೈನ ಕರ್ಮಸಿದ್ಧಾಂತದಲ್ಲಿ ಒಬ್ಬನ ಕರ್ಮ ಇನ್ನೊಬ್ಬನಿಗೆ ಅಂಟುವುದಿಲ್ಲ. ಯಶೋಧರ ನವಿಲಾಗಿ ಹುಟ್ಟಿದ್ದಕ್ಕೆ ಕಾರಣವನ್ನು ಯಶೋಧರನಲ್ಲಿಯೇ ಹುಡುಕಬೇಕು. 'ಸಾವುಗಳಿಗೆ ಹೊಣೆ ಯಾರು' ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿರುವುದು ಹೀಗೆ: ಯಶೋಧರನನ್ನು ಕೊಂದವರು ಯಾರು ಎಂಬುದು ಒಂದು, ಅವನನ್ನು ಮತ್ತೆ ಮತ್ತೆ ಸಾಯುವಂತೆ ಮಾಡಿದ್ದು ಯಾವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಮೃತಮತಿ ಉತ್ತರ. ಎರಡನೆಯದಕ್ಕೆ ಅವಳು ಉತ್ತರವಲ್ಲ.

ಎರಡನೆಯ ಪ್ರಶ್ನೆಗೆ ಕೋಳಿಯತ್ತಲೇ ತಿರುಗಬೇಕು. ಹಿಟ್ಟಿಗೆ ಪ್ರಾಣವಿಲ್ಲ. ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದು ಹಿಂಸೆಯೆಂದು ಉಮಾಸ್ವಾತಿಗಳು 'ತತ್ತ್ವಾರ್ಥಸೂತ್ರ'ದಲ್ಲಿ ಲಕ್ಷಣ ಹೇಳಿದ್ದಾರೆ. ಹಾಗಾದರೆ ಇಲ್ಲಿ ಹಾನಿಗೊಂಡ ಪ್ರಾಣ ಯಾವುದು? ಕೋಳಿ ಕೂಗಿತಲ್ಲ ಎನ್ನಬಹುದು. ಅದಕ್ಕೂ ಜನ್ನ ಕಾರಣ ಕೊಟ್ಟಿದ್ದಾನೆ: ಬಣ್ಣಗಟ್ಟಿದ ಆ ಕೋಳಿಯ ಚೆಲುವಿಗೆ ಮರುಳಾದ ಬೆಂತರವೊಂದು ಅದರೊಳಗೆ ಸೇರಿಕೊಂಡಿತ್ತು, ಕೂಗಿದ್ದು ಅದು. ಬೆಂತರವೆಂದರೆ ವ್ಯಂತರ, ದೇವಗತಿಗೆ ಸೇರಿದ ಜೀವ. ದೇವ ನಾರಕರ ಆಯುಸ್ಸನ್ನು ಯಾವ ಹೊರಗಿನ ಪೆಟ್ಟೂ ಮೊಟಕುಗೊಳಿಸಲಾರದೆಂಬುದು ಅದೇ 'ತತ್ತ್ವಾರ್ಥಸೂತ್ರ'ದ ಮಾತು. ಎಂದರೆ ಯಶೋಧರನ ಖಡ್ಗದಿಂದ ಬೆಂತರವೂ ಸಾಯಲಿಲ್ಲ. ಶಾಸ್ತ್ರದ ದೃಷ್ಟಿಯಿಂದ ಆ ಬಲಿಪೀಠದಲ್ಲಿ ಸತ್ತ ಜೀವ ಒಂದೂ ಇಲ್ಲ. ದ್ರವ್ಯಹಿಂಸೆ ಶೂನ್ಯ. ಉಳಿಯುವುದು ಭಾವಹಿಂಸೆಯೊಂದೇ. ರಾಗದ್ವೇಷಗಳು ಹುಟ್ಟುವುದೇ ಹಿಂಸೆಯೆಂದು ಅಮೃತಚಂದ್ರಸೂರಿ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಹೇಳಿದ ತತ್ತ್ವಕ್ಕೆ ಇದಕ್ಕಿಂತ ಶುದ್ಧವಾದ ದೃಷ್ಟಾಂತ ಸಿಗುವುದು ಕಷ್ಟ. ಇದೇ ಕಥೆಯನ್ನು ಹೇಳಿದ ಸೋಮದೇವಸೂರಿಯೂ ಬೆಸ್ತನನ್ನೂ ಒಕ್ಕಲಿಗನನ್ನೂ ಎದುರುಬದುರು ನಿಲ್ಲಿಸಿ ಈ ಮಾತನ್ನು ಸ್ಪಷ್ಟಪಡಿಸಿದ್ದಾನೆ. ಮೀನು ಸಿಗದೆ ಬರಿಗೈಯಲ್ಲಿ ಮರಳಿದರೂ ಬೆಸ್ತನಿಗೆ ಪಾಪವುಂಟು. ನೇಗಿಲಿನ ಕೆಳಗೆ ಜೀವಿಗಳು ಸತ್ತರೂ ಒಕ್ಕಲಿಗನಿಗೆ ಆ ಪಾಪವಿಲ್ಲ. ವ್ಯತ್ಯಾಸವಿರುವುದು ಸಂಕಲ್ಪದಲ್ಲಿ. ಯುದ್ಧಕ್ಕೆ ಹೋಗುತ್ತಲೇ ಬಸದಿ ಕಟ್ಟಿಸಿದ ದಂಡನಾಯಕರಿಗೆ ಈ ತತ್ತ್ವದ ಒಂದು ಮುಖ ಸಮಾಧಾನ ತಂದಿರಬೇಕು. ಅದರ ಇನ್ನೊಂದು ಮುಖವನ್ನು 'ಯಶೋಧರ ಚರಿತೆ' ತೋರಿಸುತ್ತದೆ: ರಕ್ತ ಹರಿಯಲಿಲ್ಲವೆಂಬ ಮಾತ್ರಕ್ಕೆ ಯಾರೂ ನಿರಪರಾಧಿಯಾಗುವುದಿಲ್ಲ.

ಈ ಸಂಕಲ್ಪದಲ್ಲಿ ಯಾರ ಯಾರ ಪಾಲೆಷ್ಟು? ಜೈನಶಾಸ್ತ್ರ ಇದಕ್ಕೊಂದು ಅಳತೆಗೋಲನ್ನು ಕೊಡುತ್ತದೆ. ಯೋಚನೆ, ಸಿದ್ಧತೆ, ಕ್ರಿಯೆಗಳೆಂಬ ಮೂರು ಹಂತ. ಮನಸ್ಸು, ಮಾತು, ಕಾಯಗಳೆಂಬ ಮೂರು ಸಾಧನ. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರು ಬಗೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯ. ಇವನ್ನು ಗುಣಿಸಿದರೆ ನೂರೆಂಟು ಬಗೆ. ಕೃತ, ಕಾರಿತ, ಅನುಮತ ಎಂಬ ಮೂರನ್ನು ಹಿಡಿದು ನೋಡಿದರೆ ಚಂದ್ರಮತಿಯದು ಕಾರಿತ. ಅವಳು ಬಲಿಯನ್ನು ಸೂಚಿಸಿದಳು, ಒತ್ತಾಯಿಸಿದಳು, ಮಗನ ಹಿಂಜರಿಕೆಯನ್ನು ಹಿಟ್ಟಿನ ಕೋಳಿಯ ಮೂಲಕ ದಾಟಿಸಿದಳು. ಅವಳ ಉದ್ದೇಶ ಮಗನ ಕ್ಷೇಮವೇ ಆಗಿತ್ತೆಂಬುದು ನಿಜ. ಆ ವಾತ್ಸಲ್ಯವನ್ನು ಕವಿ ಅಲ್ಲಗಳೆಯುವುದಿಲ್ಲ. ಆದರೆ ಒಂದು ಜೀವದ ಕ್ಷೇಮಕ್ಕಾಗಿ ಇನ್ನೊಂದು ಜೀವವನ್ನು ತೆರಬಹುದೆಂಬ ಲೆಕ್ಕಾಚಾರವನ್ನು ವಾತ್ಸಲ್ಯ ಶುದ್ಧಗೊಳಿಸಲಾರದು. ಮಗನೊಡನೆ ಅವಳೂ ಜನ್ಮಜನ್ಮಗಳಲ್ಲಿ ತೊಳಲುವುದು ಅದಕ್ಕಾಗಿಯೇ.

ಯಶೋಧರನದು ಕೃತ. ಅವನ ವಿಷಯದಲ್ಲಿ ಕಾವ್ಯ ತೋರುವ ಸೂಕ್ಷ್ಮ ಗಮನಾರ್ಹವಾದುದು. ಅವನು ಎರಡು ಬಾರಿ ಖಡ್ಗ ಹಿಡಿಯುತ್ತಾನೆ. ಮೊದಲ ಬಾರಿ ಎದುರಿಗಿದ್ದವರು ಜೀವಂತ ಮನುಷ್ಯರು, ಅವನಿಗೆ ದ್ರೋಹ ಬಗೆದವರು. ಅಲ್ಲಿ ಖಡ್ಗ ಇಳಿಯುತ್ತದೆ. ಎರಡನೆಯ ಬಾರಿ ಎದುರಿಗಿದ್ದದ್ದು ಹಿಟ್ಟು. ಅಲ್ಲಿ ಖಡ್ಗ ಬೀಳುತ್ತದೆ. ಮೊದಲನೆಯದು ಸಂಯಮದಂತೆ ಕಾಣುತ್ತದೆ. ಆದರೆ ಅಲ್ಲಿ ಅವನನ್ನು ತಡೆದದ್ದು ಕರುಣೆಯೇ? ವೈರಿರಾಜರನ್ನು ಕತ್ತರಿಸಿದ ಖಡ್ಗಕ್ಕೆ ಇಂಥವರು ತಕ್ಕ ಗುರಿಯಲ್ಲವೆಂಬ ಅರಸುತನದ ಭಾವ ಅದರಲ್ಲಿ ಬೆರೆತಿದೆ. ಕ್ರೋಧವನ್ನು ಮಾನ ತಡೆಯಿತು; ಕ್ರೋಧ ಕರಗಲಿಲ್ಲ. ಬೆಳಗಾದ ಮೇಲೆ ಅದೇ ಮಾನ ಕಂಡದ್ದನ್ನು ಕಂಡಂತೆ ಹೇಳಲು ಬಿಡದೆ ಮಾಯೆಗೆ ದಾರಿಮಾಡಿತು. ಅವನು ಕನಸಿನ ಕಥೆ ಕಟ್ಟಿದ. ಆ ಸುಳ್ಳಿಗೆ ಪರಿಹಾರವಾಗಿ ಬಲಿ ಬಂತು. ತನ್ನ ಶಾಂತಿಗಾಗಿ, ತನ್ನ ಉಳಿವಿಗಾಗಿ ಅದನ್ನು ಒಪ್ಪಿಕೊಂಡದ್ದರಲ್ಲಿ ಲೋಭವೂ ಸೇರಿತು. ನಾಲ್ಕು ಕಷಾಯಗಳೂ ಒಂದೇ ರಾತ್ರಿಯಿಂದ ಹೊರಟು ಬಲಿಪೀಠವನ್ನು ತಲುಪಿದವು. ತಾಯಿಯೆದುರು ಅವನು ನಿಜ ನುಡಿದಿದ್ದರೆ ಬಲಿಯ ಮಾತೇ ಏಳುತ್ತಿರಲಿಲ್ಲ. ಜೀವವಧೆ ಕೂಡದೆಂದು ಧರ್ಮವನ್ನು ಚೆನ್ನಾಗಿ ಬಲ್ಲವನಂತೆ ವಾದಿಸಿದವನು ಅವನೇ. ಬಲ್ಲವನಾಗಿದ್ದೂ ಧರ್ಮದ ಕಣ್ಣು ತಪ್ಪಿಸುವ ಉಪಾಯಕ್ಕೆ ಒಪ್ಪಿದವನೂ ಅವನೇ. ಅವನ ಹೊಣೆ ತಾಯಿಯ ಹೊಣೆಗಿಂತ ಹೆಚ್ಚಿನದಾಗುವುದು ಈ ತಿಳಿವಿನಿಂದಾಗಿ.

ವಿಧಿ ಮತ್ತು ಮನ್ಮಥ ಇಬ್ಬರನ್ನೂ ಆರೋಪಿಗಳ ಸಾಲಿನಲ್ಲಿ ನಿಲ್ಲಿಸುವ ವಿಮರ್ಶೆಯೂ ಕನ್ನಡದಲ್ಲಿ ಬೆಳೆದಿದೆ. ಅದಕ್ಕೆ ಆಧಾರ ಕಾವ್ಯದಲ್ಲಿಯೇ ಇದೆ. ವಿಧಿಯ ಬೆಂಬಲ ಪಡೆದ ಕಾಮನ ಮಾಯೆ ಮನುಷ್ಯರನ್ನು ಹೇಗೆ ಕೊಲ್ಲುತ್ತದೆಂದು ಕವಿ ಮರುಗುತ್ತಾನೆ. ಅಮೃತಮತಿಯ ಮನಸ್ಸು ಹಾಡಿನ ಹಿಂದೆ ಹರಿದ ಬಗೆಯನ್ನು ಅವನು ಹೇಯವೆಂದು ಬದಿಗೊತ್ತದೆ ಒಳಹೊಕ್ಕು ಚಿತ್ರಿಸಿದ್ದಾನೆ. ಆದರೆ ಜೈನಕವಿಯ ಬಾಯಲ್ಲಿ ಬಂದ ವಿಧಿ ಗ್ರೀಕ್ ನಾಟಕಗಳ ವಿಧಿಯಲ್ಲ. ಸೊಫೊಕ್ಲಿಸನ ಈಡಿಪಸ್ ಹುಟ್ಟುವ ಮೊದಲೇ ಅವನ ಪಾಪವನ್ನು ದೈವವಾಣಿ ನುಡಿದಿತ್ತು. ಯಶೋಧರನಿಗೆ ಹಾಗೆ ನುಡಿಯುವ ದೈವವಿಲ್ಲ. ಜೀವ ತಾನೇ ಹಿಂದೆ ಕಟ್ಟಿಕೊಂಡ ಕರ್ಮದ ಉದಯಕ್ಕೆ ಇಲ್ಲಿ ವಿಧಿಯೆಂದು ಹೆಸರು. ಕರ್ಮ ಸನ್ನಿವೇಶವನ್ನು ಒಡ್ಡುತ್ತದೆ. ಅದರೆದುರು ಏನು ಮಾಡಬೇಕೆಂಬ ಆಯ್ಕೆಯನ್ನು ಕಸಿಯುವುದಿಲ್ಲ. ಕಾಮದ ಬಲವನ್ನು ಒಪ್ಪಿಕೊಂಡರೂ ವಿಷ ಬೆರೆಸಿದ ಕೈ ಅಮೃತಮತಿಯದೇ; ಖಡ್ಗ ಎತ್ತಿದ ಕೈ ಯಶೋಧರನದೇ.

ಇನ್ನು ಆ ಜನ್ಮಗಳಲ್ಲಿ ಕೊಂದವರ ಮಾತು. ನವಿಲಾದ ಯಶೋಧರನನ್ನು ಹಿಡಿಯುವುದು ನಾಯಾದ ಚಂದ್ರಮತಿ; ಆ ನಾಯನ್ನು ಹೊಡೆದು ಕೊಲ್ಲುವವನು ಯಶೋಮತಿ. ಮೀನಾಗಿ ಸಿಕ್ಕ ಯಶೋಧರ ಯಶೋಧರನದೇ ಶ್ರಾದ್ಧದ ಅಡುಗೆಯಾಗುತ್ತಾನೆ. ಕೊನೆಯಲ್ಲಿ ಕೋಳಿಗಳ ಜೋಡಿಯಾಗಿದ್ದವರು ಮುನಿಯ ಉಪದೇಶ ಕೇಳಿ ಕೂಗಿದಾಗ, ರಾಣಿ ಕುಸುಮಾವಳಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲೆಂದು ಯಶೋಮತಿ ಬಾಣ ಬಿಡುತ್ತಾನೆ. ತಂದೆಯನ್ನೂ ಅಜ್ಜಿಯನ್ನೂ ಕೊಂದೆನೆಂಬುದು ಅವನಿಗೆ ತಿಳಿಯದು. ಪಿತೃಹತ್ಯೆಯ ಸಂಕಲ್ಪ ಅವನಿಗಿಲ್ಲ. ಆದ್ದರಿಂದ ಆ ಹೆಸರಿನ ಪಾಪವೂ ಇಲ್ಲ. ಆದರೆ ಕೊಲ್ಲುವ ಸಂಕಲ್ಪವಿತ್ತು, ಅದೂ ವಿನೋದಕ್ಕಾಗಿ. ಕೊಲ್ಲುವವನಿಗೆ ತಾನು ಕೊಲ್ಲುತ್ತಿರುವ ಜೀವ ಯಾರದೆಂಬ ಅರಿವು ಎಂದೂ ಇರುವುದಿಲ್ಲವೆಂಬುದನ್ನು ಈ ಜನ್ಮಗಳ ಸರಣಿ ಓದುಗನ ಮನಸ್ಸಿಗೆ ತರುತ್ತದೆ. ತಿರ್ಯಗ್ಜನ್ಮಗಳ ಈ ಭಾಗವನ್ನು ಬರಿಯ ಮತಬೋಧೆಯೆಂದು ಬಿಟ್ಟು ಓದುವವರು ಕಾವ್ಯದ ಈ ಮುಖ್ಯ ಸಾಕ್ಷ್ಯವನ್ನೇ ಕಳೆದುಕೊಳ್ಳುತ್ತಾರೆ.

ಈ ಸಾಕ್ಷ್ಯ ಯಾರ ಮುಂದೆ ನುಡಿಯಲ್ಪಡುತ್ತಿದೆ ಎಂಬುದೂ ವಿಚಾರಾರ್ಹ. ರಾಜಪುರದ ಅರಸ ಮಾರಿದತ್ತ ಚಂಡಮಾರಿಯ ಜಾತ್ರೆಯಲ್ಲಿ ಮನುಷ್ಯರ ಜೋಡಿಯೊಂದನ್ನು ಬಲಿಕೊಡಲು ಸಿದ್ಧನಾಗಿದ್ದಾನೆ. ತಳಾರ ಚಂಡಕರ್ಮ ಹಿಡಿದು ತಂದಿರುವುದು ಸುದತ್ತಾಚಾರ್ಯರ ಶಿಷ್ಯರಾದ ಅಭಯರುಚಿ ಮತ್ತು ಅಭಯಮತಿ ಎಂಬ ಎಳೆಯರನ್ನು. ಅವರೇ ಹಿಂದಿನ ಯಶೋಧರ, ಚಂದ್ರಮತಿಯರು. ಈ ಜನ್ಮದಲ್ಲಿ ಯಶೋಮತಿಯ ಮಕ್ಕಳು, ಕುಸುಮಾವಳಿಯ ಮೂಲಕ ಮಾರಿದತ್ತನಿಗೆ ಸೋದರಳಿಯ, ಸೋದರಸೊಸೆ. ಅಭಯರುಚಿ ತನ್ನ ಕಥೆಯನ್ನು ಹೇಳುವಾಗ ಹೆಂಡತಿಯ ದ್ರೋಹವನ್ನು ಮುಚ್ಚಿಡುವುದಿಲ್ಲ. ಆದರೆ ಅದರಿಂದ ತನ್ನ ದೋಷವನ್ನು ಹಗುರ ಮಾಡಿಕೊಳ್ಳುವುದೂ ಇಲ್ಲ. ಒಂದು ಹಿಟ್ಟಿನ ಕೋಳಿಯ ಬಲಿಗೆ ನನಗಿಷ್ಟು ಆಯಿತೆಂಬುದೇ ಅವನ ಸಾಕ್ಷ್ಯದ ತಿರುಳು. ಸಂಕಲ್ಪದ ಲೆಕ್ಕವೇ ಇಷ್ಟು ಭಾರವಾದರೆ ಜೀವಂತ ಪ್ರಾಣಿಗಳ, ಮನುಷ್ಯರ ರಕ್ತದ ಲೆಕ್ಕವೆಷ್ಟು? ಅದನ್ನು ಮಾಡಿಕೊಳ್ಳಬೇಕಾದವನು ಮಾರಿದತ್ತ. ಅಭಯರುಚಿ ದೋಷವನ್ನು ಅಮೃತಮತಿಯ ಮೇಲೆ ಹೊರಿಸಿ ನಿಲ್ಲಿಸಿದ್ದರೆ ಮಾರಿದತ್ತ ಅದನ್ನು ಯಾರದೋ ಮನೆಯ ವ್ಯಭಿಚಾರದ ಕಥೆಯೆಂದು ಕೇಳಿ ಖಡ್ಗವನ್ನು ಬೀಸುತ್ತಿದ್ದ. ಹೊಣೆಯನ್ನು ಹೇಳುವವನು ತನ್ನ ಮೇಲೆ ಹೊತ್ತುಕೊಂಡದ್ದರಿಂದಲೇ ಕೇಳುವವನಿಗೂ ಅದು ತಾಕಿತು. ಜಾತ್ರೆಯ ಬಲಿ ನಿಂತಿತು. ಅರಸ ವೈರಾಗ್ಯ ತಾಳಿದ. ಈ ಕಾವ್ಯದಲ್ಲಿ ಹೊಣೆಯ ನಿರ್ಣಯ ಶಿಕ್ಷೆಗಾಗಿಯಲ್ಲ, ಮುಂದಿನ ಕೊಲೆಯನ್ನು ತಡೆಯುವುದಕ್ಕಾಗಿ.

ಇಷ್ಟಾದರೂ ತಕ್ಕಡಿ ಪೂರ್ತಿ ಸಮವಾಗಿಲ್ಲವೆಂಬುದನ್ನು ಒಪ್ಪಬೇಕು. ಯಶೋಧರನಿಗೂ ಚಂದ್ರಮತಿಗೂ ಮರಳಿ ಮನುಷ್ಯಜನ್ಮ ದೊರೆಯಿತು, ತಮ್ಮ ತಪ್ಪನ್ನು ತಾವೇ ನುಡಿಯುವ ಅವಕಾಶ ದೊರೆಯಿತು. ಅಮೃತಮತಿಗೆ ಅದು ದೊರೆಯಲಿಲ್ಲ. ಅವಳ ಕಥೆಯನ್ನು ಹೇಳಿದವನು ಅವಳಿಂದ ವಂಚಿತನಾದ ಗಂಡ. ಇದೇ ಜನ್ನ ಮುಂದೆ 1230ರಲ್ಲಿ ರಚಿಸಿದ 'ಅನಂತನಾಥ ಪುರಾಣ'ದಲ್ಲಿ ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಅಪಹರಿಸಿ ಅವಳ ಸಾವಿಗೆ ಕಾರಣನಾದ ಚಂಡಶಾಸನನನ್ನು ಅವಳ ಚಿತೆಯಲ್ಲಿಯೇ ಉರಿದುಹೋಗುವ ದುರಂತನಾಯಕನನ್ನಾಗಿ ಮಾಡಿದ್ದಾನೆ. ಕಾಮಕ್ಕೆ ಸಿಕ್ಕಿ ಕೊಂದ ಗಂಡಿಗೆ ದೊರೆತ ಈ ಮರುಕ, ಕಾಮಕ್ಕೆ ಸಿಕ್ಕಿ ಕೊಂದ ಹೆಣ್ಣಿಗೆ ಕೊನೆಯವರೆಗೂ ದೊರೆಯಲಿಲ್ಲ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ರಾಣಿಗೆ ಅವಳದೇ ಮಾತನ್ನು ಕೊಡಲು ಹೊರಟದ್ದಕ್ಕೆ ಹಿನ್ನೆಲೆಯಾಗಿ ಇರುವುದು ಈ ಕೊರತೆಯೇ. ಕಾವ್ಯದ ತತ್ತ್ವವನ್ನು ಒಪ್ಪುವ ಓದುಗನೂ ಆ ಕೊರತೆಯನ್ನು ಕಾಣಬೇಕು. ಏಕೆಂದರೆ ಪ್ರತಿಯೊಂದು ಜೀವವೂ ತನ್ನ ಕರ್ಮದ ಲೆಕ್ಕವನ್ನು ತಾನೇ ಕೊಡಬೇಕೆಂಬುದು ಆ ತತ್ತ್ವದ್ದೇ ಬೇಡಿಕೆ.

ಆದ್ದರಿಂದ ಉತ್ತರವನ್ನು ಒಂದೇ ಹೆಸರಿನಲ್ಲಿ ಹೇಳಲಾಗದು. ಉಜ್ಜಯಿನಿಯ ಆ ಎರಡು ಸಾವುಗಳಿಗೆ ಅಮೃತಮತಿ ಹೊಣೆ. ಆಮೇಲಿನ ಸಾವುಗಳಿಗೆ ಬೀಜ ಬಿತ್ತಿದವರು ಮಾಡಿಸಿದ ಚಂದ್ರಮತಿ ಮತ್ತು ಮಾಡಿದ ಯಶೋಧರ. ಇಬ್ಬರಲ್ಲಿ ತಿಳಿದವನಾಗಿದ್ದ ಯಶೋಧರನ ಪಾಲು ದೊಡ್ಡದು. ಆ ಜನ್ಮಗಳಲ್ಲಿ ಅವರನ್ನು ಕೊಂದ ಯಶೋಮತಿಯಂಥವರು ತಮ್ಮ ತಮ್ಮ ಸಂಕಲ್ಪದಷ್ಟಕ್ಕೆ ಹೊಣೆಗಾರರು. ನಡೆಯದೆ ಹೋದ ಆ ಇಬ್ಬರು ಎಳೆಯರ ಬಲಿಯ ಹೊಣೆ ಮಾತ್ರ ಮಾರಿದತ್ತನದಾಗಬೇಕಿತ್ತು, ಆಗಲಿಲ್ಲ. ಎಂಟು ನೂರು ವರ್ಷಗಳ ಹಿಂದೆ ದೋರಸಮುದ್ರದ ಅರಸರೂ ದಂಡನಾಯಕರೂ ಕೇಳಿದ ಈ ಕಾವ್ಯದಲ್ಲಿ ಖಡ್ಗ ಹಿಡಿದು ಕಥೆ ಕೇಳುತ್ತ ನಿಂತವನು ಒಬ್ಬ ಅರಸನೇ ಆಗಿರುವುದು ಆಕಸ್ಮಿಕವಲ್ಲ.